ಮತ್ತೆ ಕಾಡಾಗುತ್ತಿರುವ ಬೆಟ್ಟಕ್ಕೆ ಯಾವ ದಾರಿ? ಮಲೆನಾಡಿನ ಹಿಡುವಳಿದಾರರಿಗೆ ಹೋಲಿಕೆಯ ಮಾರ್ಗದರ್ಶಿ

ಕಟ್ಟೆರೋಗ ಬಂದು ಕೈಬಿಟ್ಟ ಏಲಕ್ಕಿ ತೋಟ, ಆಳು ಸಿಗದೆ ಸೊಪ್ಪು ಕಡಿಯುವುದೇ ನಿಂತುಹೋದ ಬೆಟ್ಟ, ದನಗಳು ಕಡಿಮೆಯಾದ ಮೇಲೆ ಪೊದೆ ಎದ್ದ ಬೇಣ (ಹುಲ್ಲುಗಾವಲು), ಮಕ್ಕಳು ಪಟ್ಟಣ ಸೇರಿದ ಮೇಲೆ ಪಾಳುಬಿದ್ದ ಹಕ್ಕಲು: ಮಲೆನಾಡಿನಲ್ಲಿ ಇಂಥ ನೆಲಗಳು ಹತ್ತಿಪ್ಪತ್ತು ವರ್ಷಗಳಲ್ಲಿ ತಮ್ಮಷ್ಟಕ್ಕೆ ತಾವೇ ಮತ್ತೆ ಕಾಡಾಗತೊಡಗಿವೆ. ಇವುಗಳ ಒಡೆಯರು ಅಥವಾ ಅನುಭೋಗದಾರರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಾಗೇ ಬಿಟ್ಟುಬಿಡಬೇಕೇ, ಸಸಿ ತಂದು ನೆಡಬೇಕೇ, ಅಕೇಶಿಯವನ್ನೋ ಸಿಲ್ವರ್ ಓಕನ್ನೋ ಹಾಕಿದರೆ ಮುಂದೆ ಒಂದಿಷ್ಟು ಹಣವಾದರೂ ಬರುವುದಿಲ್ಲವೇ, ಇರುವ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದರೆ ಹೇಗೆ, ಪೇಟೆಯ ಗೆಳೆಯರು ಹೇಳುವ, ಸಸಿಗಳನ್ನು ಒತ್ತೊತ್ತಾಗಿ ನೆಡುವ ಮಿಯಾವಾಕಿ ಪದ್ಧತಿ ಇಲ್ಲಿಗೆ ಹೊಂದುತ್ತದೆಯೇ ಎಂದು ಅವರು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುವುದು ಸಾಧ್ಯವಿಲ್ಲ. ಆದರೆ ಉತ್ತರವನ್ನು ಹುಡುಕುವ ಕ್ರಮ ಒಂದೇ ಆಗಿರಬಹುದು. ಈ ಬರಹ ಆ ಕ್ರಮವನ್ನು ವಿವರಿಸುತ್ತದೆ. ಇಲ್ಲಿ ಹೇಳುವ ಮಾತುಗಳು ಸಹ್ಯಾದ್ರಿಯ ಕರ್ನಾಟಕದ ಭಾಗಕ್ಕೆ, ಅಂದರೆ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಿಂದ ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಮಲೆನಾಡಿನ ಅಂಚು ಮತ್ತು ಕೊಡಗಿನವರೆಗಿನ ನೆಲಕ್ಕೆ ಅನ್ವಯಿಸುತ್ತವೆ.

ಆಯ್ಕೆಗೆ ಮೊದಲು ನೋಡಬೇಕಾದವು

ಎಲ್ಲಕ್ಕಿಂತ ಮೊದಲು ಪಹಣಿಯನ್ನು ತೆಗೆದು ನೋಡಬೇಕು. ಮಾಲ್ಕಿ (ಸ್ವಂತ ಒಡೆತನದ) ಜಮೀನು ಬೇರೆ, ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ ಬೇರೆ. ಉತ್ತರ ಕನ್ನಡದ ಬೆಟ್ಟ, ಹಳೆಯ ಮೈಸೂರು ಸೀಮೆಯ ಕಾನು (ನಿತ್ಯಹಸಿರು ಕಾಡು) ಮತ್ತು ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ ಮತ್ತು ಕಾನೆ ಜಮೀನುಗಳಲ್ಲಿ ರೈತರಿಗಿರುವ ಸವಲತ್ತುಗಳನ್ನು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ಮುಂದುವರಿಸಿದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಒದಗಿಸಲೆಂದು ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಇದೇ ಪರಂಪರೆಯದು. ಸವಲತ್ತು ಎಂದರೆ ಒಡೆತನವಲ್ಲ. ಬೆಟ್ಟವನ್ನು ಸವರಿ ಕಾಫಿ, ಅಡಿಕೆ ಹಾಕುವ ಆಯ್ಕೆ ಅಲ್ಲಿ ಇಲ್ಲವೇ ಇಲ್ಲ ಎಂದೇ ತಿಳಿದು ಮುಂದುವರಿಯುವುದು ಕ್ಷೇಮ. ಮಾಲ್ಕಿ ಜಮೀನಾದರೂ ಅದು ಪರಿಭಾವಿತ ಅರಣ್ಯದ (ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ನೆಲದ) ಪಟ್ಟಿಯಲ್ಲಿದೆಯೇ ಎಂಬುದನ್ನು ಸರ್ವೆ ನಂಬರಿನ ಮೂಲಕ ಖಚಿತಪಡಿಸಿಕೊಳ್ಳಬೇಕು. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇರುವುದರಿಂದಲೇ ಅನೇಕರು ಅವುಗಳತ್ತ ವಾಲುತ್ತಾರೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ನೆಲಕ್ಕೆ ಯಾವುದು ಒಳ್ಳೆಯದು ಎಂಬ ಲೆಕ್ಕದಿಂದ ಹುಟ್ಟಿದ ಆಯ್ಕೆ ಅದಲ್ಲ, ಕಾಗದಪತ್ರದ ಕಿರಿಕಿರಿ ತಪ್ಪಿಸಿಕೊಳ್ಳುವ ಲೆಕ್ಕದಿಂದ ಹುಟ್ಟಿದ್ದು.

ಎರಡನೆಯದಾಗಿ, ನೆಲದಲ್ಲಿ ಈಗಾಗಲೇ ಏನು ಇದೆ ಎಂಬುದನ್ನು ಎಣಿಸಬೇಕು. ಇದನ್ನು ಎಣಿಸದೆ ನರ್ಸರಿಗೆ ಹೋಗುವವರೇ ಹೆಚ್ಚು. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಅರಣ್ಯ ಪುನಃಸ್ಥಾಪನಾ ಘಟಕವು ಅಲ್ಲಿಯ ಬೆಟ್ಟಗಾಡುಗಳಿಗಾಗಿ ರೂಪಿಸಿದ ಒಂದು ಸರಳ ಪರೀಕ್ಷೆ ನಮ್ಮಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಐದು ಮೀಟರ್ ಉದ್ದದ ಹಗ್ಗ ಹಿಡಿದು ಒಂದು ಗೂಟದ ಸುತ್ತ ವೃತ್ತ ಎಳೆಯಬೇಕು. ಅದರೊಳಗೆ ಅರ್ಧ ಮೀಟರಿಗಿಂತ ಎತ್ತರದ ಕಾಡುಗಿಡಗಳು, ಚಿಗುರುತ್ತಿರುವ ಕೂಳೆಗಳು ಮತ್ತು ಉಳಿದಿರುವ ದೊಡ್ಡ ಮರಗಳನ್ನು ಎಣಿಸಬೇಕು. ಜಮೀನಿನ ಬೇರೆಬೇರೆ ಕಡೆ ಇಂಥ ಹತ್ತು ವೃತ್ತಗಳನ್ನು ನೋಡಿದಾಗ ಸರಾಸರಿ 25ಕ್ಕಿಂತ ಹೆಚ್ಚು ಸಿಕ್ಕರೆ, ಮತ್ತು ಒಟ್ಟು ಸುಮಾರು 30 ಜಾತಿಗಳು ಕಂಡರೆ, ಆ ನೆಲಕ್ಕೆ ಸಸಿ ಬೇಕಾಗಿಲ್ಲ, ರಕ್ಷಣೆ ಬೇಕು. ಇದು ಹೆಕ್ಟೇರಿಗೆ ಸುಮಾರು 3,100 ಗಿಡಗಳ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದಲ್ಲಿ ಮಾತ್ರ ನೆಡುವ ಮಾತು ಬರುತ್ತದೆ. ಸಸ್ಯಶಾಸ್ತ್ರದ ಹೆಸರು ಗೊತ್ತಿಲ್ಲದಿದ್ದರೂ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋದರೆ ಮತ್ತಿ, ನಂದಿ, ಹೊನಗಲು, ಸಳ್ಳೆ, ಹೈಗ, ಉಪ್ಪಾಗೆ, ರಾಮಪತ್ರೆ, ಸಾಲುಧೂಪ ಎಂದು ಬೇರೆಬೇರೆಯಾಗಿ ಗುರುತಿಸಿ ಎಣಿಸಬಹುದು.

ಎಣಿಸುವಾಗ ಮೇಲೆ ನಿಂತ ಮರಗಳಿಗಿಂತ ಕೆಳಗೆ ಬರುತ್ತಿರುವ ಗಿಡಗಳ ಮೇಲೆ ಕಣ್ಣಿರಲಿ. ಮೇಲೆ ಬಯಲಲ್ಲಿ ಬೇಗ ಏಳುವ ಚಂದಕಲಿನ ತೋಪೇ ಇದ್ದು ಕೆಳಗೆ ಹಳೆಯ ಕಾಡಿನ ಹೈಗ, ರಾಮಪತ್ರೆಯ ಗಿಡಗಳು ಮೊಣಕಾಲೆತ್ತರಕ್ಕೆ ಬಂದಿದ್ದರೆ ಆ ಕಾಡು ಸರಿಯಾದ ದಿಕ್ಕಿನಲ್ಲಿ ಸಾಗುತ್ತಿದೆ ಎಂದರ್ಥ. ಮೇಲೆ ಭವ್ಯವಾದ ಮತ್ತಿ ಮರಗಳಿದ್ದು ಕೆಳಗೆ ಲಂಟಾನದ ಹೊರತು ಬೇರೇನೂ ಇಲ್ಲದಿದ್ದರೆ, ನೋಡಲು ಕಾಡಿನಂತೆ ಕಂಡರೂ ಅದಕ್ಕೆ ಉತ್ತರಾಧಿಕಾರಿಗಳಿಲ್ಲ.

ಮೂರನೆಯದು ತಾಯಿಕಾಡಿನ ದೂರ. ಪಕ್ಕದಲ್ಲಿ ದೇವರಕಾಡೋ, ಕಾನೋ, ಹಳೆಯ ಹಳ್ಳದಂಚಿನ ಕಾಡೋ ಇದ್ದರೆ ಬೀಜ ತಾನಾಗಿ ಬರುತ್ತದೆ. ಪಿಕಳಾರದಂಥ ಸಣ್ಣ ಹಕ್ಕಿಗಳು ಸಣ್ಣ ಬೀಜಗಳನ್ನು ಬಯಲಿಗೂ ತಂದು ಹಾಕುತ್ತವೆ; ಆದರೆ ರಾಮಪತ್ರೆ, ರಾಳಧೂಪಗಳಂಥ ದೊಡ್ಡ ಬೀಜಗಳನ್ನು ಸಾಗಿಸಲು ಮಂಗಟ್ಟೆ, ದೊಡ್ಡ ಕಾಡುಪಾರಿವಾಳ, ಪುನುಗುಬೆಕ್ಕುಗಳು ಬೇಕು. ಸಾಲುಧೂಪದ ಬೀಜವಂತೂ ತಾಯಿಮರದ ಆಸುಪಾಸಿನಲ್ಲೇ ಬಿದ್ದು ಅಲ್ಲೇ ಮೊಳೆಯುವಂಥದು. ಆದ್ದರಿಂದ ತಾಯಿಕಾಡಿನಿಂದ ದೂರವಿರುವ ನೆಲದಲ್ಲಿ ಎಷ್ಟೇ ಕಾದರೂ ಇಂಥ ಮರಗಳು ನಮ್ಮ ಕಾಲದಲ್ಲಿ ಬರಲಾರವು.

ನಾಲ್ಕನೆಯದು ತಡೆ. ಬೆಂಕಿಯೋ, ದನವೋ, ಅತಿಯಾದ ಸೊಪ್ಪು ಕಡಿತವೋ, ಲಂಟಾನ ಹಾಗೂ ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕ್ರೋಮೊಲೀನ ಕಳೆಯ ಪೊದೆಯೋ, ಯಾವುದು ಆ ನೆಲವನ್ನು ಹಿಂದಕ್ಕೆ ಎಳೆಯುತ್ತಿದೆ ಎಂಬುದು ತಿಳಿಯದೆ ಹಣ ಹಾಕುವುದು ವ್ಯರ್ಥ.

ಕೊನೆಯದಾಗಿ ಮಳೆ ಮತ್ತು ಇಳಿಜಾರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ, ಶಿವಮೊಗ್ಗ ನಗರದ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ತೀರ್ಥಹಳ್ಳಿಯ ಪಶ್ಚಿಮದವರಿಗೆ ಒಗ್ಗಿದ ಮರ ಪೂರ್ವದವರಿಗೆ ಒಗ್ಗದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಭೂಕುಸಿತಗಳ ಬಳಿಕ, ಕಡಿದಾದ ಇಳಿಜಾರಿನಲ್ಲಿ ನೆಲ ಅಗೆಯುವ ಯಾವ ಯೋಜನೆಯನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇವುಗಳ ಜೊತೆಗೆ ಮನೆಯ ಅಗತ್ಯವೇನು, ವರ್ಷಕ್ಕೆ ಎಷ್ಟು ಆಳು ಸಿಗುತ್ತಾರೆ, ಎಷ್ಟು ವರ್ಷಗಳವರೆಗೆ ಖರ್ಚು ಮಾಡಲು ಸಿದ್ಧ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡರೆ ಮುಂದಿನ ಹೋಲಿಕೆ ಸುಲಭವಾಗುತ್ತದೆ.

ಹಾಗೇ ಬಿಡುವುದು

ಅತ್ಯಂತ ಅಗ್ಗದ ದಾರಿ ಇದು, ಮತ್ತು ಜನ ಭಾವಿಸುವುದಕ್ಕಿಂತ ಹೆಚ್ಚು ಫಲ ಕೊಡುವ ದಾರಿ. ಅಮೆರಿಕ ಖಂಡಗಳ ಉಷ್ಣವಲಯ ಮತ್ತು ಪಶ್ಚಿಮ ಆಫ್ರಿಕದ 77 ತಾಣಗಳ ಮರುಹುಟ್ಟಿದ ಕಾಡುಗಳನ್ನು ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೃಷಿ ಬಿಟ್ಟ ನೆಲದಲ್ಲಿ ಮಣ್ಣಿನ ಗುಣ ಹತ್ತು ವರ್ಷದೊಳಗೇ ಬಹುಮಟ್ಟಿಗೆ ಮರಳುತ್ತದೆ, ಕಾಡಿನ ರಚನೆ ಮತ್ತು ಜಾತಿಗಳ ಸಂಖ್ಯೆ 25ರಿಂದ 60 ವರ್ಷಗಳಲ್ಲಿ ಮರಳುತ್ತದೆ, ಆದರೆ ಒಟ್ಟು ಮರದ ರಾಶಿ ಮತ್ತು ಮೂಲ ಕಾಡಿನಲ್ಲಿದ್ದ ಅದೇ ಜಾತಿಗಳ ಕೂಟ ಮರಳಲು 120 ವರ್ಷಗಳಿಗಿಂತ ಹೆಚ್ಚು ಬೇಕು ಎಂದು ತೋರಿಸಿತು. ಅಲ್ಲಿಯ ಅಂಕಿಗಳನ್ನು ನಮ್ಮ ಘಟ್ಟಕ್ಕೆ ಯಥಾವತ್ತಾಗಿ ಹೊಂದಿಸಲಾಗದು. ಆದರೂ ಯಾವುದು ಬೇಗ ಬರುತ್ತದೆ, ಯಾವುದು ತಡವಾಗುತ್ತದೆ ಎಂಬ ಅನುಕ್ರಮ ನಮ್ಮಲ್ಲಿಯೂ ಕಾಣುವಂಥದೇ. ನೀರು, ನೆರಳು, ಮಣ್ಣು ಇವಷ್ಟೇ ಬೇಕಾದವರಿಗೆ ಕಾಯುವಿಕೆ ಸಾಕು. ಹಳೆಯ ಕಾನಿನ ಮರಗಳೇ ಬೇಕೆನ್ನುವವರಿಗೆ ಸಾಲದು.

ವೃತ್ತದ ಪರೀಕ್ಷೆಯಲ್ಲಿ ಗಿಡಗಳು ಧಾರಾಳವಾಗಿ ಸಿಕ್ಕಿದ್ದು, ತಾಯಿಕಾಡು ಪಕ್ಕದಲ್ಲಿದ್ದು, ಬೆಂಕಿಯ ಭಯ ಇಲ್ಲದಿದ್ದರೆ ಇದನ್ನೇ ಆರಿಸಬಹುದು. ಕಡಿದಾದ ಇಳಿಜಾರಿನಲ್ಲಿಯೂ ಹಳ್ಳದ ಎರಡೂ ದಂಡೆಗಳಲ್ಲಿಯೂ ನನ್ನ ಮಟ್ಟಿಗೆ ಇದೊಂದೇ ದಾರಿ. ಇದರ ದೊಡ್ಡ ದೋಷವೆಂದರೆ ಸುಮ್ಮನೆ ಬಿಟ್ಟ ನೆಲವನ್ನು ಊರು ಅನಾಥವೆಂದು ತಿಳಿಯುತ್ತದೆ. ಕಾವಲಿಲ್ಲದ ಬೆಟ್ಟಕ್ಕೆ ಮೊದಲು ಬರುವುದು ಪಕ್ಕದೂರಿನ ಕತ್ತಿ, ಆಮೇಲೆ ಬೇಸಿಗೆಯ ಬೆಂಕಿ. ಬಿಡುವುದೆಂದರೆ ಮರೆತುಬಿಡುವುದಲ್ಲ, ವರ್ಷಕ್ಕೊಮ್ಮೆ ಡಿಸೆಂಬರ್–ಜನವರಿಯಲ್ಲಿ ಗಡಿಯ ಬೆಂಕಿರೇಖೆ (ಬೆಂಕಿ ದಾಟದಂತೆ ಬರಿದು ಮಾಡಿದ ಪಟ್ಟಿ) ಸವರಿಸುವ ಖರ್ಚನ್ನಾದರೂ ಇಟ್ಟುಕೊಳ್ಳಬೇಕಾಗುತ್ತದೆ.

ನೆರವು ಕೊಟ್ಟು ಬೆಳೆಯಲು ಬಿಡುವುದು

ಇದು ನೆಡುವುದಲ್ಲ, ಬರುತ್ತಿರುವುದಕ್ಕೆ ಇರುವ ಅಡ್ಡಿಗಳನ್ನು ತೆಗೆಯುವುದು. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಬಹುಪಾಲು ಜಮೀನುಗಳಿಗೆ ಹೊಂದುವ ದಾರಿ ಇದೇ. ಹೊರಗಿನಿಂದ ನೋಡಿದರೆ ಏನೂ ಕೆಲಸವಾದಂತೆ ಕಾಣದ ಕಾರಣ ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಕೆಲಸಗಳು ಇಷ್ಟು. ಅರ್ಧ ಮೀಟರ್ ದಾಟಿದ ಕಾಡುಗಿಡಗಳಿಗೆಲ್ಲ ಬಣ್ಣದ ಬಟ್ಟೆ ಕಟ್ಟಿದ ಕೋಲು ನೆಟ್ಟು ಗುರುತು ಮಾಡಬೇಕು, ಇಲ್ಲದಿದ್ದರೆ ಕಳೆ ಸವರುವ ಕತ್ತಿ ಅವುಗಳನ್ನೇ ಮೊದಲು ಸವರುತ್ತದೆ. ಗಿಡದ ಸುತ್ತ ಮಾತ್ರ ಕಳೆ ತೆಗೆದು ಅದನ್ನೇ ಬುಡಕ್ಕೆ ಮುಚ್ಚಿಗೆಯಾಗಿ ಹಾಸಬೇಕು. ಕೂಳೆಯಿಂದ ಹತ್ತಾರು ಚಿಗುರು ಬಂದಿದ್ದರೆ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಎಳೆಯ ಗಿಡಗಳನ್ನು ಬಗ್ಗಿಸುವ ಬಳ್ಳಿಗಳನ್ನು ಕತ್ತರಿಸಬೇಕು. ಆದರೆ ದೊಡ್ಡ ಮರಕ್ಕೆ ಹಬ್ಬಿದ ಹಳೆಯ ಬಳ್ಳಿಗಳನ್ನು ಮುಟ್ಟಬಾರದು, ಏಕೆಂದರೆ ಅವುಗಳ ಹಣ್ಣಿಗೆ ಬರುವ ಹಕ್ಕಿ, ಮಂಗಗಳೇ ಮುಂದಿನ ಬೀಜ ತರುವವು.

ಲಂಟಾನದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದನ್ನು ನೆಲಮಟ್ಟಕ್ಕೆ ಸವರಿದರೆ ಮುಂದಿನ ಮಳೆಗೆ ಇಮ್ಮಡಿಯಾಗಿ ಚಿಗುರುತ್ತದೆ. ಬುಡದ ಸ್ವಲ್ಪ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟು ಒಣಗಿಸುವ ವಿಧಾನ ಇದಕ್ಕಿಂತ ಬಹಳ ಪರಿಣಾಮಕಾರಿ. ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಇಡೀ ಜಮೀನಿನ ಲಂಟಾನವನ್ನು ಒಂದೇ ವರ್ಷ ತೆಗೆಯುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಬೇಕು; ಒಮ್ಮೆಗೇ ಬೆಳಕು ಬಿದ್ದ ನೆಲಕ್ಕೆ ಕಮ್ಯುನಿಸ್ಟ್ ಗಿಡ ನುಗ್ಗುತ್ತದೆ, ಅದು ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಒಳ್ಳೆಯ ಪುಳ್ಳೆಯಾಗುತ್ತದೆ. ಮರಗಳ ನೆರಳು ಇರುವ ಕಡೆಯಿಂದ ಶುರುಮಾಡಿ ಬಯಲಿನತ್ತ ಹೋಗುವುದು ಸರಿ. ನೆರಳು ಕೂಡಿಕೊಂಡ ಮೇಲೆ ಕಮ್ಯುನಿಸ್ಟ್ ಗಿಡ ತಾನಾಗಿ ಸೊರಗುತ್ತದೆ.

ಖರ್ಚು ಪೂರ್ತಿ ಆಳಿನ ಮೇಲೆ ನಿಂತಿದೆ. ಸಸಿ, ಗುಂಡಿ, ಸಾಗಾಟ ಯಾವುದೂ ಇಲ್ಲ. ಆದರೆ ಮೊದಲ ಮೂರು ವರ್ಷ, ಮಳೆಗಾಲದ ಆರಂಭದಲ್ಲಿ ಒಮ್ಮೆ ಮತ್ತು ಮಳೆ ಮುಗಿದ ಮೇಲೆ ಒಮ್ಮೆ, ಗಿಡ ಗುರುತಿಸಬಲ್ಲ ಆಳುಗಳು ಬೇಕು. ಯಂತ್ರದಿಂದ ಸವರುವವರನ್ನು ಗುತ್ತಿಗೆಗೆ ಹಚ್ಚಿದರೆ ಎಲ್ಲವೂ ನೆಲಸಮವಾಗುತ್ತದೆ. ಊರಲ್ಲಿ ಇರದೆ ದೂರದಿಂದ ಜಮೀನು ನೋಡಿಕೊಳ್ಳುವವರಿಗೆ ಈ ದಾರಿಯ ಕಷ್ಟ ಹಣದ್ದಲ್ಲ, ನಂಬಬಹುದಾದ ಒಬ್ಬ ಮನುಷ್ಯನದು.

ಸೊಪ್ಪಿನ ಬೆಟ್ಟಕ್ಕೂ ಇದೇ ದಾರಿ, ಒಂದು ತಿದ್ದುಪಡಿಯೊಂದಿಗೆ. ಅಡಿಕೆ ತೋಟ ಇರುವವರೆಗೆ ಸೊಪ್ಪು, ದರಕು ಬೇಕೇ ಬೇಕು. ಆದರೆ ತಲೆಕುಡಿಯನ್ನೂ ಬಿಡದೆ ಕಡಿದು ಕಂಬದಂತೆ ನಿಲ್ಲಿಸಿದ ಮರ ಹೂ ಬಿಡುವುದಿಲ್ಲ, ಬೀಜ ಕೊಡುವುದಿಲ್ಲ. ಬೆಟ್ಟವನ್ನು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗದಲ್ಲಿ ಮಾತ್ರ ಸೊಪ್ಪು ಕಡಿಯುವುದು, ಕುಡಿಯನ್ನು ಮುಟ್ಟದೆ ಪಕ್ಕದ ಕೊಂಬೆಗಳನ್ನಷ್ಟೇ ತೆಗೆಯುವುದು, ದರಕನ್ನು ಪೂರ್ತಿ ಗುಡಿಸದೆ ಒಂದಿಷ್ಟು ಬಿಡುವುದು, ಎಕರೆಗೆ ಹತ್ತಾರು ಬೀಜದ ಮರಗಳನ್ನು ಕತ್ತಿ ತಾಗಿಸದೆ ಉಳಿಸುವುದು: ಇಷ್ಟನ್ನು ಪಾಲಿಸಿದರೆ ತೋಟವೂ ಬೆಟ್ಟವೂ ಒಟ್ಟಿಗೆ ಬದುಕಬಲ್ಲವು.

ನೆಡುವುದಾದರೆ ಗುಂಪಾಗಿಯೋ, ಇಡಿಯಾಗಿಯೋ?

ವೃತ್ತದಲ್ಲಿ ಹತ್ತು ಗಿಡವೂ ಸಿಗದ, ಕರಡದ ಹುಲ್ಲೋ ಲಂಟಾನವೋ ತುಂಬಿದ, ತಾಯಿಕಾಡಿನಿಂದ ದೂರವಾದ ನೆಲದಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ನೆಡಬೇಕು. ಎಷ್ಟು ನೆಡಬೇಕು ಎಂಬಲ್ಲಿ ಹಣದ ಪ್ರಶ್ನೆ ಬರುತ್ತದೆ. ಮೂರು ಮೀಟರ್ ಅಂತರದಲ್ಲಿ ಇಡೀ ನೆಲಕ್ಕೆ ನೆಟ್ಟರೆ ಎಕರೆಗೆ ಸುಮಾರು 450 ಸಸಿ ಬೇಕು. ಎರಡು ಮೀಟರ್ ಅಂತರಕ್ಕೆ ಸಾವಿರದಷ್ಟು. ಜಪಾನಿನ ಅಕಿರಾ ಮಿಯಾವಾಕಿಯವರ ಹೆಸರಿನ ಪದ್ಧತಿಯಲ್ಲಿ ಚದರ ಮೀಟರಿಗೆ ಮೂರು ಸಸಿ ಎಂದುಕೊಂಡರೂ ಎಕರೆಗೆ 12,000 ದಾಟುತ್ತದೆ. ನಗರದ ಮೂಲೆಯ ನಾಲ್ಕು ಗುಂಟೆಗೆ, ಬೀಜದ ಮೂಲವೇ ಇಲ್ಲದ ಗಣಿ ನೆಲಕ್ಕೆ ಆ ಪದ್ಧತಿ ಸರಿಯಿರಬಹುದು. ಮಳೆ, ಮಣ್ಣು, ಹಕ್ಕಿ ಎಲ್ಲವೂ ಇರುವ ಮಲೆನಾಡಿನಲ್ಲಿ, ಅದರಲ್ಲೂ ಇಳಿಜಾರನ್ನು ಯಂತ್ರದಿಂದ ಅಗೆದು ಮಣ್ಣು ಮಿಶ್ರಮಾಡಿ, ಅಷ್ಟು ಸಸಿ ತುಂಬುವುದು ದುಂದು ಎಂದೇ ನಾನು ಹೇಳುತ್ತೇನೆ.

ಮಧ್ಯದ ದಾರಿಯೊಂದಿದೆ. ಕೋಸ್ಟರಿಕದ ದಕ್ಷಿಣ ಭಾಗದಲ್ಲಿ, ಸುಮಾರು 1,100ರಿಂದ 1,400 ಮೀಟರ್ ಎತ್ತರದ ಬೆಟ್ಟಗಳ ಹಳೆಯ ಹುಲ್ಲುಗಾವಲುಗಳಲ್ಲಿ, 2004ರಿಂದೀಚೆಗೆ ದೀರ್ಘಕಾಲದ ಪ್ರಯೋಗವೊಂದು ನಡೆದಿದೆ. ಒಂದು ತುಂಡಿಗೆ ಪೂರ್ತಿ ಸಸಿ ನೆಡಲಾಯಿತು, ಇನ್ನೊಂದನ್ನು ಹಾಗೇ ಬಿಡಲಾಯಿತು, ಮೂರನೆಯದರಲ್ಲಿ 4, 8 ಮತ್ತು 12 ಮೀಟರ್ ಅಗಲದ ಚೌಕಗಳಲ್ಲಿ ಮಾತ್ರ, ದ್ವೀಪಗಳಂತೆ, ಗುಂಪು ಗುಂಪಾಗಿ ನೆಡಲಾಯಿತು. ಪೂರ್ತಿ ನೆಟ್ಟ ತುಂಡಿಗೆ ಬೇಕಾದ ಸಸಿಗಳ ಸುಮಾರು ಕಾಲುಭಾಗವಷ್ಟೇ ಗುಂಪುಗಳಿಗೆ ಬೇಕಾಯಿತು. ಕಾಲಕ್ರಮದಲ್ಲಿ ಹಕ್ಕಿ, ಬಾವಲಿಗಳು ಆ ಗುಂಪುಗಳಿಗೆ ಬಂದು ಬೀಜ ಉದುರಿಸಿ, ಗುಂಪುಗಳು ಹಿಗ್ಗಿ, ಹೊಸ ಗಿಡಗಳು ಬರುವ ವಿಷಯದಲ್ಲಿ ಪೂರ್ತಿ ನೆಟ್ಟ ತುಂಡಿಗೆ ಸರಿಗಟ್ಟಿದವು. ಹಾಗೇ ಬಿಟ್ಟ ತುಂಡು ಹಿಂದೆ ಬಿತ್ತು. ಅಲ್ಲಿ ನೆಟ್ಟ ನಾಲ್ಕು ಜಾತಿಗಳಲ್ಲಿ ಒಂದು ನಮ್ಮ ಹಾಲುವಾಣದ ಹತ್ತಿರದ ನೆಂಟ ಎಂಬುದು ಕಾಫಿ ಬೆಳೆಗಾರರಿಗೆ ಕುತೂಹಲದ ಸಂಗತಿಯಾದೀತು.

ನಮ್ಮ ಘಟ್ಟದಲ್ಲೇ ತಮಿಳುನಾಡಿನ ವಾಲ್ಪಾರೈನ ಚಹ, ಕಾಫಿ ತೋಟಗಳ ನಡುವೆ ಉಳಿದ ಕಾಡುತುಣುಕುಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎರಡು ದಶಕಗಳಿಂದ ನೂರಕ್ಕೂ ಹೆಚ್ಚು ಸ್ಥಳೀಯ ಜಾತಿಗಳನ್ನು ಬೆಳೆಸಿ ನೆಡುತ್ತಾ ಬಂದಿದೆ. ಕಳೆ ತೆಗೆದು ನೆಟ್ಟು 7ರಿಂದ 15 ವರ್ಷವಾದ ತಾಣಗಳಲ್ಲಿ, ಹಾಗೇ ಬಿಟ್ಟ ತಾಣಗಳಿಗಿಂತ ನೆರಳು ಹೆಚ್ಚು ಕೂಡಿಕೊಂಡದ್ದನ್ನೂ ಮರಗಳ ಸಂಗ್ರಹಿತ ಇಂಗಾಲ ಹೆಚ್ಚಿದ್ದನ್ನೂ ಅವರ ಅಳತೆಗಳು ತೋರಿಸಿವೆ. ಲಂಟಾನ ಹಿಡಿದ ಹರಿದುಹೋದ ತುಣುಕುಗಳಲ್ಲಿ ಕೈ ಹಾಕದೆ ಕೂತರೆ ನಷ್ಟ ಎಂಬುದಕ್ಕೆ ಇದು ಸಾಕ್ಷಿ.

ಇವೆರಡನ್ನೂ ಸೇರಿಸಿ ನೋಡಿದರೆ, ಬರಡಾದ ನೆಲಕ್ಕೆ ಎಕರೆಗೆ ನೂರರಿಂದ ನೂರೈವತ್ತು ಸಸಿಗಳನ್ನು ಏಳೆಂಟು ಗುಂಪುಗಳಲ್ಲಿ ನೆಡುವುದು ಸಣ್ಣ ಹಿಡುವಳಿದಾರನ ಕೈಗೆ ಎಟಕುವ ಯೋಜನೆ. ಗುಂಪಿನ ಹೊರವಲಯಕ್ಕೆ ಬೇಗ ನೆರಳು ಕೊಡುವ, ಹಕ್ಕಿಗೆ ಹಣ್ಣು ಕೊಡುವ ಮರಗಳು: ನೇರಳೆ, ಅತ್ತಿ, ಬಸರಿ, ಚಂದಕಲು, ಬೈನೆ. ಒಳಗೆ, ಎರಡು ಮೂರು ವರ್ಷಗಳ ಬಳಿಕ ನೆರಳು ಬಂದಮೇಲೆ, ಸಾಲುಧೂಪ, ರಾಮಪತ್ರೆ, ಹೈಗ, ನಾಗಸಂಪಿಗೆ, ಹೆಬ್ಬಲಸು. ಮೊದಲ ವರ್ಷವೇ ಬಯಲಿನ ಬಿಸಿಲಿಗೆ ರಾಮಪತ್ರೆಯನ್ನು ನೆಟ್ಟು ಅದು ಒಣಗಿತೆಂದು ದೂರುವವರಿದ್ದಾರೆ. ಅದು ನೆರಳಿನ ಗಿಡ. ನಿಮ್ಮ ಊರಿನ ಕಾನಿನಲ್ಲಿ ಇಲ್ಲದ ಜಾತಿಯನ್ನು, ಅದು ಎಷ್ಟೇ ಅಪರೂಪದ್ದೆಂದು ನರ್ಸರಿಯವರು ಹೇಳಿದರೂ, ತರಬೇಡಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಇಲಾಖೆಯ ನರ್ಸರಿಯಿಂದ ಕೊಂಡು ನೆಟ್ಟು ಬದುಕಿಸಿಕೊಂಡ ಸಸಿಗಳಿಗೆ ಮೂರು ವರ್ಷಗಳವರೆಗೆ ಪ್ರೋತ್ಸಾಹಧನ ಸಿಗುತ್ತದೆ. ಮಾಲ್ಕಿ ಜಮೀನಿನವರು ಇದನ್ನು ಬಳಸಿಕೊಳ್ಳಬಹುದು. ಆದರೆ ತಾನಾಗಿ ಹುಟ್ಟಿದ ನೂರು ಹೈಗದ ಗಿಡಗಳನ್ನು ಕಾಪಾಡಿದವನಿಗೆ ಈ ಲೆಕ್ಕದಲ್ಲಿ ಏನೂ ಇಲ್ಲ. ಹಣ ಸಿಗುತ್ತದೆಂದು, ಗಿಡ ಇರುವ ನೆಲವನ್ನು ಸವರಿ ಹೊಸ ಗಿಡ ನೆಡುವ ವಿಪರೀತಕ್ಕೆ ಹೋಗಬಾರದು.

ಅಕೇಶಿಯ, ಸಿಲ್ವರ್ ಓಕ್, ತೇಗ

ಈ ದಾರಿಯನ್ನು ಆರಿಸುವವರ ಕಾರಣಗಳು ಸ್ಪಷ್ಟ: ದನ ತಿನ್ನದು, ಬೇಗ ಬೆಳೆಯುತ್ತದೆ, ಕೊಳ್ಳುವವರು ಬಾಗಿಲಿಗೆ ಬರುತ್ತಾರೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗಳ ಕಾಲದಿಂದ ಮಲೆನಾಡಿನ ಗುಡ್ಡಗಳಿಗೆ ಅಕೇಶಿಯ ಹಬ್ಬಿದ್ದು ಇದೇ ಕಾರಣಗಳಿಗಾಗಿ. ಸೌದೆಗೂ ಮೋಪಿಗೂ ಅದು ಕಾಡಿನ ಮೇಲಿನ ಒತ್ತಡವನ್ನು ಒಂದಿಷ್ಟು ಇಳಿಸಿದ್ದೂ ನಿಜ. ಆದರೆ ಮರುಹುಟ್ಟುತ್ತಿರುವ ಕಾಡನ್ನು ಸವರಿ ಅಲ್ಲಿ ಇದನ್ನು ನೆಡುವುದು ಬೇರೆಯೇ ಮಾತು. ಉತ್ತರ ಕನ್ನಡದಲ್ಲಿ ನಡೆದ ಜಲವಿಜ್ಞಾನದ ಅಧ್ಯಯನಗಳ ಪ್ರಕಾರ, ಕಡಿಮೆ ಕದಡಿದ ಕಾಡಿನ ನೆಲದಲ್ಲಿ ನೀರು ಇಂಗುವಷ್ಟು ಬರಡುನೆಲದಲ್ಲಿ ಇಂಗುವುದಿಲ್ಲ. ಅಕೇಶಿಯ ನೆಟ್ಟ ಬರಡುನೆಲ ಸ್ವಲ್ಪ ಚೇತರಿಸಿಕೊಂಡರೂ ಕಾಡಿನ ಮಟ್ಟಕ್ಕೆ ಬರುವುದಿಲ್ಲ. ಪಶ್ಚಿಮಘಟ್ಟದ ಸಂರಕ್ಷಿತ ಪ್ರದೇಶಗಳಲ್ಲಿ ತೇಗ, ನೀಲಗಿರಿ ನೆಡುತೋಪುಗಳನ್ನು ಸಹಜ ಕಾಡಿನೊಂದಿಗೆ ಹೋಲಿಸಿದ ಅಧ್ಯಯನವೂ, ಒಣಗಾಲದಲ್ಲಿ ನೆಡುತೋಪುಗಳ ಇಂಗಾಲ ಹೀರುವಿಕೆ ಹೆಚ್ಚು ಏರುಪೇರಾಗುತ್ತದೆ ಎಂದು ಕಂಡುಕೊಂಡಿದೆ. ಬರಗಾಲದ ವರ್ಷದಲ್ಲಿ ಕೈಕೊಡದಿರುವುದು ಬೆರಕೆ ಕಾಡಿನ ಗುಣ.

ಆದ್ದರಿಂದ ಸೌದೆಯ ಕೊರತೆ ನಿಜವಾಗಿ ಇರುವ ಮನೆಯವರು, ರಸ್ತೆಗೆ ಹತ್ತಿರದ, ಸಮತಟ್ಟಾದ, ಈಗಾಗಲೇ ಬರಡಾದ ಒಂದು ಮೂಲೆಯಲ್ಲಿ ಅರ್ಧ ಎಕರೆಯಷ್ಟು ಹಾಕಿಕೊಳ್ಳಬಹುದು. ಅದರಿಂದ ಉಳಿದ ನೆಲಕ್ಕೆ ಕತ್ತಿ ತಾಗದಿದ್ದರೆ ಅದು ಲಾಭವೇ. ಹೆಚ್ಚು ಮಳೆಯ ಇಳಿಜಾರಿನಲ್ಲಿ ತೇಗವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹಳೆಯ ಅಕೇಶಿಯ ತೋಪು ಆಗಲೇ ಇರುವವರು ಅದನ್ನು ಒಮ್ಮೆಗೇ ಕಡಿಯಬಾರದು. ತಾಯಿಕಾಡು ಹತ್ತಿರವಿದ್ದರೆ ಅದರ ನೆರಳಿನಲ್ಲಿ ಕಾಡುಗಿಡಗಳು ಬಂದಿರುತ್ತವೆ. ಅವುಗಳಿಗೆ ಬೆಳಕಾಗುವಂತೆ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಅಕೇಶಿಯ ತೆಗೆಯುತ್ತ ಹೋದರೆ ಹಣವೂ ಬರುತ್ತದೆ, ಕಾಡೂ ಉಳಿಯುತ್ತದೆ.

ಆದಾಯ ಕೊಡುವ ಕಾಡು

ವರ್ಷವೂ ಒಂದಿಷ್ಟು ಹುಟ್ಟುವಳಿ ಬೇಕೆನ್ನುವವರ ಮುಂದೆ ಎರಡು ಬಗೆಗಳಿವೆ, ಮತ್ತು ಇವೆರಡನ್ನು ಒಂದೇ ಎಂದು ತಿಳಿಯುವುದರಿಂದ ತೊಂದರೆಯಾಗುತ್ತದೆ. ಒಂದು, ಮರಗಳ ನೆರಳಿನಲ್ಲಿ ಕಾಫಿಯನ್ನೋ ಏಲಕ್ಕಿಯನ್ನೋ ಬೆಳೆದು ಮರಕ್ಕೆ ಮೆಣಸು ಹಬ್ಬಿಸುವುದು. ಮಾಲ್ಕಿ ಜಮೀನಿನಲ್ಲಿ ಇದು ಆದಾಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಂದಿದೆ. ಕಾಡುಮರದ ನೆರಳಿನ ಕಾಫಿ ತೋಟ ಹಕ್ಕಿಗಳಿಗೂ ಒಳ್ಳೆಯ ಮನೆ. ಆದರೆ ವರ್ಷವರ್ಷವೂ ಕಳೆ ಸವರುವ ತೋಟದಲ್ಲಿ ಕಾಡುಮರದ ಒಂದು ಗಿಡವೂ ಮೇಲೇಳುವುದಿಲ್ಲ. ಇಂದಿನ ನೆರಳುಮರಗಳು ಮುಪ್ಪಾದಾಗ ಅವುಗಳ ಜಾಗಕ್ಕೆ ಬರುವುದು ಬಹುತೇಕ ಸಿಲ್ವರ್ ಓಕ್. ಕೊಡಗಿನ ಅನೇಕ ತೋಟಗಳಲ್ಲಿ ಈ ಬದಲಾವಣೆ ಕಣ್ಣೆದುರಿಗೇ ಆಗಿದೆ. ಈ ದಾರಿ ಹಿಡಿಯುವವರು ಎಕರೆಗೆ ಹತ್ತು ಹದಿನೈದು ಕಾಡುಗಿಡಗಳಿಗೆ ಕೋಲು ಕಟ್ಟಿ ಕಾಪಾಡುವ ನಿಯಮ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅದು ಕಾಡಲ್ಲ, ಕಾಡಿನ ಉಳಿಕೆ ಮಾತ್ರ.

ಇನ್ನೊಂದು, ಕಾಡನ್ನು ಕಾಡಾಗಿಯೇ ಇಟ್ಟು ಹಣ್ಣು, ಬೀಜ, ಜೇನು ತೆಗೆಯುವುದು. ಉಪ್ಪಾಗೆ, ಮುರುಗಲು, ರಾಮಪತ್ರೆ, ವಾಟೆ, ಅಪ್ಪೆಮಿಡಿ ಇವೆಲ್ಲ ಮರುಹುಟ್ಟಿದ ಕಾಡಿನಲ್ಲೂ ಚೆನ್ನಾಗಿ ಬರುವ ಮರಗಳು. ಉಪ್ಪಾಗೆಯಲ್ಲಿ ಗಂಡುಮರ, ಹೆಣ್ಣುಮರ ಬೇರೆಬೇರೆ. ಬೀಜದಿಂದ ಬೆಳೆಸಿದರೆ ಯಾವುದೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು, ಹಾಗಾಗಿ ಕಸಿ ಗಿಡವೇ ಮೇಲು. ಕಸಿ ಗಿಡಗಳ ಬಗ್ಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗಳಿಗಾಗಿ ಉಪ್ಪಾಗೆಗೆ ಹೊರದೇಶದ ಬೇಡಿಕೆ ಏರಿದಾಗ, ಹಣ್ಣು ಕೀಳುವ ಬದಲು ಕೊಂಬೆಯನ್ನೇ ಕಡಿದು ಹಾಕಿದ್ದನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ. ಮಳೆಗಾಲದಲ್ಲೇ ಹಣ್ಣಾಗುವ ಉಪ್ಪಾಗೆಯ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಸುಧಾರಿತ ಒಣಗಿಸುವ ಒಲೆ ಇಲ್ಲದಿದ್ದರೆ ಹಣ್ಣಿನ ಲಾಭಕ್ಕೆ ಸುತ್ತಲಿನ ಕಾಡೇ ಸೌದೆಯಾಗುತ್ತದೆ. ಬೆಲೆಯೂ ವರ್ಷದಿಂದ ವರ್ಷಕ್ಕೆ ಹಾರಾಡುತ್ತದೆ. ಸಾಲದ ಕಂತನ್ನು ಈ ಆದಾಯದ ಮೇಲೆ ನಿಲ್ಲಿಸುವುದು ಬೇಡ.

ಇಂಗಾಲದ ಹಣದ ಬಗ್ಗೆ ಕೇಳುವವರಿಗೆ ಒಂದು ಮಾತು. ಕೋಸ್ಟರಿಕದಲ್ಲಿ 1996ರ ಅರಣ್ಯ ಕಾನೂನಿನ ಬಲದಿಂದ ಕಾಡು ಉಳಿಸಿಕೊಂಡ ಖಾಸಗಿ ಹಿಡುವಳಿದಾರರಿಗೆ ಸರ್ಕಾರವೇ ಹಣ ಕೊಡುತ್ತದೆ. ನಮ್ಮಲ್ಲಿ ಐದಾರು ಎಕರೆಯವರು ಅಳತೆ, ಪರಿಶೀಲನೆಯ ಖರ್ಚನ್ನು ಒಬ್ಬರೇ ಹೊತ್ತು ಅಂಥದ್ದನ್ನು ಪಡೆಯುವುದು ಕಷ್ಟ. ಸಿಕ್ಕರೆ ಸಿಗಲಿ, ಅದನ್ನು ನಂಬಿ ದಾರಿ ಆರಿಸಬೇಡಿ.

ಯಾರಿಗೆ ಯಾವುದು

ಊರಿನಲ್ಲಿ ಇಲ್ಲದ, ಹೆಚ್ಚು ಖರ್ಚು ಮಾಡಲಾಗದ, ಆದರೆ ಪಕ್ಕದಲ್ಲಿ ಒಳ್ಳೆಯ ಕಾನಿರುವ ಜಮೀನಿನವರು ಬೆಂಕಿರೇಖೆ ಮತ್ತು ಕಾವಲಿಗೆ ಮಾತ್ರ ಹಣವಿಟ್ಟು ಉಳಿದುದನ್ನು ಬಿಡಬಹುದು. ಅಡಿಕೆ ತೋಟದ ಜೊತೆ ಬೆಟ್ಟವಿರುವವರಿಗೆ ಮೂರು ಪಾಲಿನ ಸರದಿ ಮತ್ತು ನೆರವಿನ ಬೆಳೆಸುವಿಕೆಯಷ್ಟೇ ಕಾನೂನಿಗೂ ತೋಟಕ್ಕೂ ಹೊಂದುವ ದಾರಿ. ಪಕ್ಕದ ಬೆಟ್ಟದವರು ಸೇರಿಕೊಂಡರೆ ಗ್ರಾಮ ಅರಣ್ಯ ಸಮಿತಿಯ ಮೂಲಕ ಕಾವಲಿನ ಖರ್ಚನ್ನು ಹಂಚಿಕೊಳ್ಳಬಹುದು. ಮೂರು ನಾಲ್ಕು ವರ್ಷ ಕೈಯಿಂದ ಹಾಕಬಲ್ಲ, ಲಂಟಾನ ತುಂಬಿದ ಮಾಲ್ಕಿ ಹಕ್ಕಲಿನವರು ಕಳೆ ತೆಗೆಯುತ್ತ ಗುಂಪು ನೆಡುವಿಕೆಗೆ ಹೋಗಲಿ. ಜಮೀನಿನಿಂದಲೇ ಸಂಸಾರ ನಡೆಯಬೇಕಾದವರು ಸಮತಟ್ಟಾದ ಭಾಗದಲ್ಲಿ ನೆರಳಿನ ಕಾಫಿ, ಮೆಣಸು ಮಾಡಿಕೊಂಡು, ಇಳಿಜಾರು ಮತ್ತು ಹಳ್ಳದಂಚನ್ನು ಅದರಿಂದ ಹೊರಗಿಡಲಿ. ಬಹುತೇಕ ಜಮೀನುಗಳಲ್ಲಿ ಒಂದೇ ದಾರಿ ಇಡೀ ನೆಲಕ್ಕೆ ಹೊಂದುವುದಿಲ್ಲ. ಹತ್ತು ಎಕರೆಯಲ್ಲಿ ಮೂರು ಬಗೆ ಇದ್ದರೆ ತಪ್ಪೇನೂ ಇಲ್ಲ.

ನಿರ್ಧಾರಕ್ಕೆ ಕಾಲವೂ ಮುಖ್ಯ. ವೃತ್ತದ ಎಣಿಕೆಯನ್ನು ಮಳೆ ಮುಗಿದು ಕಳೆ ಇನ್ನೂ ಒಣಗದ ಅಕ್ಟೋಬರ್–ನವೆಂಬರ್‌ನಲ್ಲಿ ಮಾಡಿದರೆ, ಬೆಂಕಿರೇಖೆಯ ಕೆಲಸವನ್ನು ಬೇಸಿಗೆಗೆ ಮುನ್ನ ಮುಗಿಸಬಹುದು. ನೆಡುವವರು ಸಸಿಗೆ ಹಿಂದಿನ ವರ್ಷವೇ ಹೇಳಿಡಬೇಕು. ಸಾಲುಧೂಪ, ಹೈಗಗಳ ಬೀಜ ಮೇ–ಜುಲೈ ವೇಳೆಗೆ ಉದುರಿ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಅವನ್ನು ಕಟ್ಟಿಟ್ಟು ಮುಂದಿನ ವರ್ಷ ಬಿತ್ತಲಾಗದು. ಮುಂಗಾರಿನ ಮೊದಲ ಮಳೆಗಳಲ್ಲಿ ಆರಿಸಿ ಅಂದೇ ಚೀಲಕ್ಕೆ ಹಾಕಿದ ಬೀಜದ ಸಸಿ, ಮರುವರ್ಷದ ಜೂನಿಗೆ ನೆಡಲು ಸಿದ್ಧವಾಗಿರುತ್ತದೆ.